ತಿರುಳಣ್ಣ ಮೂರು ಗಂಟಾದ ಕಥೆ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲವದು. ಆಗ ಗಾಳಿಗೂ ಬಾಯಿತ್ತು, ಮೈಯೊಳಗೆ ಹರಿಯುವ ನೆತ್ತರ ಹೊಳೆಗೂ ಬಾಯಿತ್ತು.

ಚೆನ್ನಿ ಎಂಬ ಹುಡುಗಿಯ ನೆತ್ತರ ಹೊಳೆಯಲ್ಲಿ ಬೆಳ್ಳಿ ಎಂಬ ಕಾವಲುಗಾತಿ ಇದ್ದಳು. ಕಣ್ಣಿಗೇ ಕಾಣದಷ್ಟು ಪುಟ್ಟ ಬಿಳಿ ಜೀವಕಣ. ಅವಳ ಒಡಲೊಳಗೆ ತಿರುಳಣ್ಣ ಇದ್ದ. ಶಾಲೆಯಲ್ಲಿ ಕೋಶಕೇಂದ್ರ ಅಂತ ಓದ್ತೀರಲ್ಲ, ಅವನೇ.

ತಿರುಳಣ್ಣ ಗೋಲಿಯ ಹಾಗೆ ದುಂಡಗೆ, ಗಟ್ಟಿಗಿದ್ದ. ಅದರ ಬಗ್ಗೆ ಅವನಿಗೆ ಎಲ್ಲಿಲ್ಲದ ಜಂಬ. ಆದರೆ ಅವನೊಳಗೆ ಒಂದು ಎಳೆ ಸುತ್ತಿಕೊಂಡಿತ್ತು. ಹೇಗೆ ಬದುಕಬೇಕು, ಹೇಗೆ ಕಾಯಬೇಕು ಎಂಬುದೆಲ್ಲ ಅದರಲ್ಲೇ ಇತ್ತು. ಅದು ಕಡಿದರೆ ಬೆಳ್ಳಿಯ ಆಟ ಮುಗಿದಂತೆ.

ಒಂದು ದಿನ ಚೆನ್ನಿ ಜಾಲಿಮುಳ್ಳು ತುಳಿದಳು. ಅವಳವ್ವ ಮುಳ್ಳು ಕಿತ್ತಳು, ಆದರೆ ಅದರ ಜೊತೆ ನುಗ್ಗಿದ ಕೆಟ್ಟ ಕ್ರಿಮಿಗಳು ಒಳಗೇ ಉಳಿದವು. ಹಿಮ್ಮಡಿ ಊದಿ ಕೆಂಪಾಯಿತು, ಜ್ವರವೂ ಏರಿತು. ಅವು ಮೈಯೆಲ್ಲ ಹರಡಿದರೆ ಮಗು ಉಳಿಯುವುದಿಲ್ಲ.

ಬೆಳ್ಳಿ ಹೊಳೆಯ ದಡಕ್ಕೆ ಓಡಿದಳು. ಕ್ರಿಮಿಗಳಿದ್ದದ್ದು ಹೊಳೆಗೆ ದಡವಾಗಿದ್ದ ನಾಳದ ಗೋಡೆಯಾಚೆ. ಗೋಡೆಯಲ್ಲಿ ಒಂದೇ ಒಂದು ಸಂದು, ಅದೂ ಬಲು ಕಿರಿದು. ಬೆಳ್ಳಿಯ ಮೆತ್ತಗಿನ ಮೈ ಅರ್ಧ ಹೇಗೋ ನುಸುಳಿತು. ತಿರುಳಣ್ಣ ಸಿಕ್ಕಿಹಾಕಿಕೊಂಡ. ಬೆಳ್ಳಿ ಜೋರಾಗಿ ಎಳೆದಳು. ಒಳಗಿನ ಎಳೆ ಚುರುಕ್ಕೆಂದಿತು, ತಿರುಳಣ್ಣನಿಗೆ ಜೀವ ಬಾಯಿಗೆ ಬಂತು.

ಹೊಳೆ ನಕ್ಕಿತು. ಊರ ಉಸಾಬರಿ ನಿಮಗ್ಯಾಕೆ, ತಿರುಗಿ ಬನ್ನಿ, ಹಾಯಾಗಿ ತೇಲಿಕೊಂಡು ಹೋಗೋಣ ಅಂತ ಕರೆಯಿತು. ಅಷ್ಟರಲ್ಲಿ ಗೋಡೆಯಾಚೆಯಿಂದ ಚೆನ್ನಿ ನರಳಿದ್ದು ಕೇಳಿಸಿತು. ತಿರುಳಣ್ಣನಿಗೆ ತನ್ನ ಜಂಬದ ಮೇಲೇ ಸಿಟ್ಟು ಬಂತು. ಈ ದುಂಡು ಮೈ ಇಟ್ಟುಕೊಂಡು ಉಪ್ಪಿನಕಾಯಿ ಹಾಕಬೇಕೇ ಎಂದುಕೊಂಡ.

"ತಂಗಿ, ಸುಮ್ಮನೆ ಎಳೀಬೇಡ. ನನ್ನ ಮೈ ಸಂದಿನೊಳಗೆ ಚಾಚಿ ಬಿಗಿದಾಗ ನಾನೇ ಹೇಳ್ತೀನಿ. ಆಗ ಹಿಂದಿನಿಂದ ನೂಕು."

"ನೀನು ಒಡೆದುಹೋದರೆ, ಅಣ್ಣಾ?"

"ಗಟ್ಟಿ ಇದ್ದರೆ ತಾನೇ ಒಡೆಯೋದು? ಸಡಿಲ ಆಗ್ತೀನಿ."

ಅವನು ಒಳಗಿನ ಎಳೆಯನ್ನು ಮೆಲ್ಲಗೆ ಸಡಿಲಿಸಿದ. ಮೈಮೇಲಿನ ಸುಕ್ಕುಗಳನ್ನೆಲ್ಲ ಬಿಚ್ಚಿದ. ಸಡಿಲಾದ ಮೈ ಸಂದಿನೊಳಗೆ ಚಾಚಿಕೊಂಡು ಚರ್ಮ ಬಿಗಿಯಿತು. ಈಗ ನೂಕು ಎಂದ. ಬೆಳ್ಳಿ ನೂಕಿದಳು, ಅವನಲ್ಲಿ ಒಂದು ಪಾಲು ಆಚೆ ಹೋಯಿತು. ಮತ್ತೆ ಬಿಗಿಯಿತು, ಮತ್ತೆ ನೂಕಿದಳು, ಇನ್ನೊಂದು ಪಾಲು ಹೋಯಿತು. ಮತ್ತೆ ಬಿಗಿಯಿತು, ಮತ್ತೆ ನೂಕಿದಳು, ಉಳಿದದ್ದೂ ಹೋಯಿತು. ಹಿಂದಿನ ವ್ಯಾಪಾರಿಗಳು ಹೆಗಲ ಮೇಲೆ ಇಳಿಬಿಡುತ್ತಿದ್ದ ಹಸಿಬೆ ಚೀಲ ಇತ್ತಲ್ಲ, ಗಂಟು ಬೇರೆ ಬೇರೆ, ಬಟ್ಟೆ ಒಂದೇ, ಹಾಗೆ ಮೂರು ಗಂಟಾಗಿದ್ದ ತಿರುಳಣ್ಣ. ಎಳೆ ಮಾತ್ರ ಎಲ್ಲೂ ಕಡಿದಿರಲಿಲ್ಲ.

ಹೊಳೆಗೆ ನಾಚಿಕೆಯಾಯಿತು. ತಿರುಳಣ್ಣ ಸಂದಿನ ಆಚೆಯಿಂದಲೇ ಅದನ್ನು ಕೂಗಿ ಕರೆದ.

"ಹೊಳೆಯವ್ವಾ, ನಾವು ಹುಟ್ಟಿದ ಎಲುಬಿನ ಮನೆಗೆ ಹೋಗಿ ಹೇಳು. ಇನ್ನು ಹುಟ್ಟೋ ಕಾವಲುಗಾತಿಯರ ತಿರುಳು ಗಂಟು ಗಂಟಾಗಿಯೇ ಇರಲಿ. ನಾವು ಇಲ್ಲೇ ಕಾದಾಡ್ತೀವಿ, ತಿರುಗಿ ಬರಲ್ಲ."

ಹೊಳೆ ಹೇಳಿತು. ಎಲುಬಿನ ಮನೆಯಿಂದ ಹಿಂಡುಹಿಂಡಾಗಿ ಬೆಳ್ಳಿಯರು ಬಂದರು, ಅದೇ ಸಂದಿನಲ್ಲಿ ನುಸುಳಿದರು, ಕ್ರಿಮಿಗಳನ್ನು ನುಂಗಿ ನುಂಗಿ ಅಲ್ಲೇ ಸತ್ತುಬಿದ್ದರು. ಮೊದಲು ಬಂದ ಬೆಳ್ಳಿಯೂ ತಿರುಳಣ್ಣನೂ ಅವರ ನಡುವೆಯೇ ಉಳಿದರು. ಚೆನ್ನಿಯ ಜ್ವರ ಇಳಿಯಿತು. ಅವಳು ಎದ್ದು ಅವ್ವನ ಹತ್ತಿರ ಗಂಜಿ ಕೇಳಿದಳು.

ಅದಕ್ಕೇ ಮಗಾ, ಇವತ್ತಿಗೂ ಮುಳ್ಳು ಚುಚ್ಚಿದ ಕಡೆ ಬೆಳ್ಳಗೆ ಕೀವು ಕಟ್ಟುವುದು. ಅದನ್ನು ನೋಡಿ ಥೂ ಅನ್ನಬೇಡ, ನಿನ್ನ ಕಾಲು ಉಳಿಸಲು ಇಕ್ಕಟ್ಟಿನಲ್ಲಿ ನುಸುಳಿ ಬಂದು ಮನೆಗೆ ಮರಳದೆ ಹೋದ ಬೆಳ್ಳಿಯರು ಅವರು.