ಒಡೆಯದ ಗುಳ್ಳೆಗಳು

ಮಕ್ಕಳೇ, ಕಾಡಿನ ನಡುವೆ ಹರಿಯುವ ಹೊಳೆಯೊಂದು ತಿರುವಿನಲ್ಲಿ ನಿಂತು ಆಳವಾದ ಮಡುವಾಗಿತ್ತು. ಮಡುವಿನ ದಡದಲ್ಲಿ ದೊಡ್ಡದೊಂದು ಅತ್ತಿಮರ. ಮರದ ಮೇಲೆ ಕರಿಮುಖದ ಮುಸುವ ಕೋತಿಗಳು, ಕೆಳಗಿನ ಜೊಂಡಿನಲ್ಲಿ ನೀರುಕೋಳಿಗಳು. ಮೇಲಿನವರು ಅರ್ಧ ಕಚ್ಚಿದ ಹಣ್ಣನ್ನು ಕೆಳಗೆ ಎಸೆಯುತ್ತಿದ್ದರು. ಕೆಳಗಿನವರು ಬೈಯುತ್ತಲೇ ಅದನ್ನು ತಿನ್ನುತ್ತಿದ್ದರು. ನೆರೆಹೊರೆ ಅಂದಮೇಲೆ ಇಷ್ಟಾದರೂ ಇರಬೇಕಲ್ಲ.

ಮುಸುವಗಳಲ್ಲಿ ದುಗ್ಗಜ್ಜ ಎಂಬಾತ ಕತೆ ಹೇಳುವುದರಲ್ಲಿ ಪಳಗಿದವನು. ಸಂಜೆಯಾದರೆ ದಪ್ಪ ಕೊಂಬೆಯ ಮೇಲೆ ಕೂತು, ಬಾಲ ಇಳಿಬಿಟ್ಟು ಶುರುಮಾಡುತ್ತಿದ್ದ. ಆದರೆ ಒಂದು ಷರತ್ತು. ಕೇಳುವವರು ನಡುನಡುವೆ "ಹೂಂ" ಅನ್ನಬೇಕು. ಹೂಂ ನಿಂತರೆ ಕತೆಯೂ ನಿಂತಿತು, ಹೂಂ ಜೋರಾದರೆ ಕತೆಯೂ ಜೋರು. ನಿಮ್ಮ ಅಜ್ಜಿಯೂ ಹಾಗೆಯೇ ಇರಬೇಕು, ಬೇಕಾದರೆ ಇವತ್ತು ಪರೀಕ್ಷೆ ಮಾಡಿ ನೋಡಿ.

ಒಂದು ದಿನ ಕೆಂಪಕ್ಕ ಎಂಬ ನೀರುಕೋಳಿ ಮರದ ಬುಡಕ್ಕೆ ಬಂದಳು. ಅವಳ ಹಿಂದೆ ಕರಿ ಹತ್ತಿಯ ಉಂಡೆಗಳಂಥ ಮರಿಗಳು. ಎಲ್ಲರಿಗಿಂತ ಹಿಂದೆ, ಎಲ್ಲರಿಗಿಂತ ಚಿಕ್ಕವಳು ಹುರುಳಿ.

"ಅಜ್ಜ, ಮಡುವಿಗೆ ಮೊಸಳೆ ಬಂದು ಸೇರಿಕೊಂಡಿದೆ. ನಾನು ಎಷ್ಟು ಹೇಳಿದರೂ ಇವು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡ್ತವೆ. ನೀನೊಂದು ಕತೆ ಹೇಳು. ಕತೆಯಾದರೆ ಮರೆಯಲ್ಲ," ಎಂದಳು ಕೆಂಪಕ್ಕ.

"ಅಷ್ಟೇ ತಾನೇ? ಸಂಜೆ ಕರಕೊಂಡು ಬಾ," ಎಂದ ದುಗ್ಗಜ್ಜ.

ಸಂಜೆ ಮರಿಗಳು ಕೆಳಗೆ ಸಾಲಾಗಿ ಕೂತು ಕತ್ತು ಎತ್ತಿದವು. ಮೇಲೆ ಮುಸುವಗಳೂ ಬಂದು ಕೊಂಬೆ ಬಾಗುವಷ್ಟು ತುಂಬಿಕೊಂಡವು. ಪುಕ್ಕಟೆ ಕತೆ, ಯಾರು ಬಿಡುತ್ತಾರೆ?

"ಒಂದಿತ್ತು ಮೊಸಳೆ," ಎಂದ ಅಜ್ಜ.

"ಹೂಂ," ಎಂದವು ಮುಸುವಗಳು.

ಮರಿಗಳೂ "ಪೀಂ" ಅಂದವು. ಹೂಂ ಅನ್ನಹೋದರೆ ಅವಕ್ಕೆ ಬರುತ್ತಿದ್ದದ್ದು ಅಷ್ಟೇ. ಪಾಪ, ಆ ಪೀಂ ಮರದ ಮೊದಲ ಕವಲನ್ನೂ ಮುಟ್ಟಲಿಲ್ಲ.

"ಹೊಳೆಯ ಈ ದಡದಲ್ಲಿ ತಲೆ, ಆ ದಡದಲ್ಲಿ ಬಾಲ."

"ಹೂಂ, ಹೂಂ."

"ಅದು ಬಾಯಿ ಬಿಟ್ಟು ಗರ್ಜಿಸಿದರೆ ಬೆಟ್ಟವೇ ಬಿರುಕು ಬಿಡ್ತಿತ್ತು."

ಈಗಂತೂ ಹೂಂಗಳ ಸುರಿಮಳೆ. ಅಜ್ಜ ಉಬ್ಬಿಹೋದ. ಮೊಸಳೆಯ ಕಣ್ಣಿನಿಂದ ಕಿಡಿ ಹಾರಿಸಿದ. ಅದಕ್ಕೂ ಆನೆಗೂ ಕಾಳಗ ಹಚ್ಚಿದ. ಕೊನೆಗೆ ಮೊಸಳೆ ಸತ್ತು ಬಿದ್ದಾಗ ಮುಸುವಗಳು ಕೊಂಬೆಗೆ ಬಾಲ ಬಡಿದು ಕುಣಿದವು. ಮರಿಗಳಿಗೂ ಖುಷಿಯೋ ಖುಷಿ. ಕೆಂಪಕ್ಕನಿಗೆ ಮಾತ್ರ ಏನೋ ಸರಿಹೋಗಲಿಲ್ಲ. ಹಿರಿಯರ ಕತೆಗೆ ಕೊಂಕು ತೆಗೆಯುವುದು ಹೇಗೆಂದು ಸುಮ್ಮನಾದಳು.

ಮರುದಿನ ಬೆಳಿಗ್ಗೆ ಹುರುಳಿ ಜೊಂಡು ದಾಟಿ ನೀರಿಗಿಳಿದಳು. ಅಲ್ಲೇ ಮುಂದೆ ಎರಡು ಕಪ್ಪು ಗುಳ್ಳೆಗಳಂಥವು ತೇಲುತ್ತಿದ್ದವು. ಹಿಂದೆ ಏನೋ ಒರಟು ದಿಮ್ಮಿ.

"ಹುರುಳಿ, ಹೋಗಬೇಡ, ಅದು ಮೊಸಳೆ ಇರಬಹುದು," ಎಂದ ಅವಳ ಅಣ್ಣ.

"ಮೊಸಳೆ ಗರ್ಜಿಸುತ್ತೆ ಕಣೋ. ಅಜ್ಜ ಹೇಳಿದ್ದು ನೆನಪಿಲ್ಲವಾ? ಇದು ಸುಮ್ಮನೆ ಇದೆ. ಬೆಟ್ಟವೂ ಬಿರುಕು ಬಿಟ್ಟಿಲ್ಲ," ಎಂದು ಹುರುಳಿ ಹತ್ತಿರ ಹೋಗಿ ಒಂದು ಗುಳ್ಳೆಯನ್ನು ಕೊಕ್ಕಿನಿಂದ ಕುಟುಕಿದಳು.

ಅದು ಗುಳ್ಳೆಯಲ್ಲ, ಮೊಸಳೆಯ ಮೂಗಿನ ಹೊಳ್ಳೆ.

ನೀರು ಸೀಳಿತು, ದವಡೆ ತೆರೆಯಿತು. ಎಲ್ಲಿದ್ದಳೋ ಕೆಂಪಕ್ಕ, ಹಾರಿ ಬಂದು ಮೊಸಳೆಯ ಕಣ್ಣಿಗೇ ರೆಕ್ಕೆಯಿಂದ ಬಡಿದಳು. ಎದ್ದ ಅಲೆ ಹುರುಳಿಯನ್ನು ಎತ್ತಿ ಜೊಂಡಿಗೆ ಎಸೆಯಿತು. ಕೆಂಪಕ್ಕನೂ ತಪ್ಪಿಸಿಕೊಂಡಳು, ಆದರೆ ಅವಳ ಬಾಲದ ಗರಿಗಳೆಲ್ಲ ಮೊಸಳೆಯ ಬಾಯಲ್ಲೇ ಉಳಿದವು.

ಬೋಳು ಬಾಲದ ಕೆಂಪಕ್ಕ ಹುರುಳಿಯನ್ನು ಕರೆದುಕೊಂಡು ಅತ್ತಿಮರದ ಕೆಳಗೆ ಬಂದು ನಿಂತಳು. "ಅಜ್ಜ, ನಿನ್ನ ಮೊಸಳೆ ಗರ್ಜಿಸುತ್ತೆ. ನಮ್ಮ ಮಡುವಿನದು ಉಸಿರನ್ನೂ ಮೆಲ್ಲಗೆ ಬಿಡುತ್ತೆ. ಇವತ್ತು ನನ್ನ ಕೂಸು ಹೋಗಿಯೇ ಬಿಡುತ್ತಿತ್ತು."

ದುಗ್ಗಜ್ಜ ಆ ಬೋಳು ಬಾಲವನ್ನು ನೋಡಿದ. ಆದರೂ ಬಾಯಿ ಸುಮ್ಮನಿರಬೇಕಲ್ಲ. "ನನ್ನ ಕತೆಯಲ್ಲಿ ಏನು ತಪ್ಪಿತ್ತಮ್ಮಾ? ಇಡೀ ಮರವೇ ಹೂಂ ಅಂದಿತಲ್ಲ," ಎಂದ.

"ಮರದವರು ಅಂದರು. ಮೊಸಳೆ ಮರ ಹತ್ತುತ್ತಾ, ಅಜ್ಜ?"

ಅಜ್ಜ ಕೆಳಗೆ ನೋಡಿದ. ಹುರುಳಿ ಅಮ್ಮನ ರೆಕ್ಕೆಯಡಿಯಿಂದ ಇಣುಕಿ, ಅವನನ್ನು ಕಂಡು ಎಂದಿನಂತೆ "ಪೀಂ" ಎಂದಳು. ಕೋಪವಿಲ್ಲ, ಏನಿಲ್ಲ. ಅಜ್ಜನಿಗೆ ಅಳುವೇ ಬಂತು.

ಅವನು ಸರಸರ ಇಳಿದ. ನೀರಿನಂಚಿನ ಕೆಸರಿನಲ್ಲಿ ಹೊಟ್ಟೆ ಊರಿ, ಗಲ್ಲವನ್ನೂ ನೆಲಕ್ಕಿಟ್ಟು ಹುರುಳಿಯ ಪಕ್ಕ ಮಲಗಿದ. ಮೇಲಿನ ಮುಸುವಗಳು ಕಿಸಕ್ಕನೆ ನಕ್ಕವು. ನಗಲಿ ಬಿಡಿ.

"ಹುರುಳಿ, ಇಲ್ಲಿಂದ ನಿನಗೆ ಏನೇನು ಕಾಣುತ್ತೆ ಹೇಳು," ಎಂದ.

"ನೀರು. ಎಲೆ. ಗುಳ್ಳೆ."

"ಗುಳ್ಳೆ ಬಂದು ಏನಾಗುತ್ತೆ?"

"ಟಪ್ ಅಂತ ಒಡೆಯುತ್ತೆ."

"ನೀನು ಕುಟುಕಿದ ಗುಳ್ಳೆ?"

ಹುರುಳಿ ಯೋಚಿಸಿದಳು. "ಅವು ಒಡೆಯಲೇ ಇಲ್ಲ ಅಜ್ಜ. ಎರಡೂ ಹಾಗೇ ಇದ್ದವು."

ಮರದ ತುದಿಯಿಂದ ಮೊಸಳೆಗಳನ್ನು ಎಷ್ಟೋ ಸಲ ನೋಡಿದ್ದ ಅಜ್ಜನಿಗೆ ಇದು ಗೊತ್ತೇ ಇರಲಿಲ್ಲ. ಅವನು ಮರಿಗಳನ್ನೆಲ್ಲ ಹತ್ತಿರ ಕೂರಿಸಿಕೊಂಡು ಮೆಲುದನಿಯಲ್ಲಿ ಶುರುಮಾಡಿದ.

"ಒಂದು ಗುಳ್ಳೆ ಬಂತು."

"ಪೀಂ."

"ಟಪ್ ಅಂತ ಒಡೀತು."

"ಪೀಂ."

"ಇನ್ನೊಂದು ಬಂತು, ಅದೂ ಒಡೀತು. ಆಮೇಲೆ ಎರಡು ಗುಳ್ಳೆ ಜೊತೆಯಾಗಿ ಬಂದವು."

"ಪೀಂ."

"ಒಡೀಲಿಲ್ಲ."

ಮರಿಗಳು ಪೀಂ ಅನ್ನಲಿಲ್ಲ. ಒಂದಕ್ಕೊಂದು ಒತ್ತಿ ಕೂತವು.

"ಇನ್ನೂ ಒಡೀಲಿಲ್ಲ," ಎಂದ ಅಜ್ಜ. "ಆಗ ಮರಿ ಏನು ಮಾಡಿತು?"

"ಜೊಂಡಿಗೆ ಓಡಿತು," ಎಂದು ಎಲ್ಲವೂ ಒಟ್ಟಿಗೆ ಹೇಳಿ ನಿಜವಾಗಿಯೂ ಜೊಂಡಿಗೆ ಓಡಿಹೋದವು. ಓಡಿದವು ತಿರುಗಿ ಬಂದು, "ಇನ್ನೊಂದು ಸಲ ಹೇಳು," ಅಂದವು.

ಮೇಲಿನಿಂದ ಯಾರೋ ಗೊಣಗಿದರು. "ಇದೂ ಒಂದು ಕತೆಯಾ? ಆನೆ ಇಲ್ಲ, ಕಾಳಗ ಇಲ್ಲ."

"ಇದು ನಿಮಗೆ ಕಟ್ಟಿದ್ದಲ್ಲ," ಎಂದ ದುಗ್ಗಜ್ಜ. ಮತ್ತೆ ಮೊದಲಿನಿಂದ ಹೇಳಿದ.

ಅಂದಿನಿಂದ ಮರಿಗಳಿಗೆ ಅದೇ ಆಟ, ಅದೇ ಪಾಠ. ಮೊಸಳೆ ಎಷ್ಟು ಹೊಂಚು ಹಾಕಿದರೂ ಒಂದು ಮರಿಯೂ ಸಿಗಲಿಲ್ಲ.

ಬಿರುಬೇಸಿಗೆ ಬಂತು. ಒಂದು ಮಧ್ಯಾಹ್ನ ಹೊಟ್ಟೆ ಬಿರಿಯುವಷ್ಟು ಹಣ್ಣು ತಿಂದ ದುಗ್ಗಜ್ಜ ಬಾಯಾರಿ ಇಳಿದು ಬಂದ. ನೀರಿಗೆ ಬಾಗಿದ. ಅಷ್ಟು ವಯಸ್ಸಾದ ಕಣ್ಣಿಗೆ ಬಿಸಿಲಿನ ಮಿರುಗಿನಲ್ಲಿ ಏನು ಕಂಡೀತು?

ಪಕ್ಕದ ಜೊಂಡಿನೊಳಗಿಂದ ಸಣ್ಣ ದನಿ ಬಂತು. "ಅಜ್ಜ, ಎರಡು ಗುಳ್ಳೆ ಬಂದವು."

"ಹೂಂ," ಎಂದ ಅಜ್ಜ, ಬೊಗಸೆ ಚಾಚುತ್ತ.

"ಒಡೀಲಿಲ್ಲ."

ಅಜ್ಜ ಹಾರಿದ. ಮುದಿ ಕಾಲಿಗೆ ಅಂಥ ಜಿಗಿತ ಎಲ್ಲಿಂದ ಬಂತೋ, ನೇರ ಮೊದಲ ಕವಲಿಗೆ. ಕೆಳಗೆ ದವಡೆಗಳು ಬರಿಗಾಳಿಯನ್ನು ಕಚ್ಚಿ ಮುಚ್ಚಿಕೊಂಡವು.

ಅಜ್ಜ ಕೊಂಬೆಯನ್ನು ತಬ್ಬಿಕೊಂಡು ತುಂಬಾ ಹೊತ್ತು ಏದುಸಿರು ಬಿಟ್ಟ. ಕೆಳಗೆ ಹುರುಳಿ ಕತ್ತು ಎತ್ತಿ ಕಾಯುತ್ತಿದ್ದಳು. ಕತೆ ಹೇಳಿದವಳಿಗೆ ಹೂಂ ಬೇಡವೇ?

"ಹೂಂ, ನನ್ನವ್ವಾ," ಎಂದ ದುಗ್ಗಜ್ಜ. "ಹೂಂ."

ನೀತಿ: ಕತೆಯನ್ನು ಯಾರಿಗಾಗಿ ಹೇಳುತ್ತೇವೋ ಅವರ ಪಕ್ಕ ಕೂತು, ಅವರ ಕಣ್ಣಿನಿಂದ ನೋಡಿ ಹೇಳಬೇಕು, ಜೋರಾಗಿ ಹೂಂ ಅನ್ನುವವರಿಗಾಗಿ ಅಲ್ಲ.