ಐವತ್ತೆರಡರಲ್ಲಿ ಹದಿನೇಳು

ಶಿಕ್ಷಕರ ತರಬೇತಿ ಕಾಲೇಜಿನ ವಿದ್ಯಾರ್ಥಿ ನಿಂಗರಾಜ ಒಂದು ಸಂಜೆ ತನ್ನ ಗುರು ಅಡಿವೆಪ್ಪನವರನ್ನು ಕೇಳಿದ:

"ಸರ್, ಮಗುವಿನ ಮನಸ್ಸಿನ ಬಗ್ಗೆ ವಿಶ್ವವಿದ್ಯಾಲಯದಲ್ಲಿ ದಪ್ಪ ದಪ್ಪ ಪುಸ್ತಕ ಓದಿದೆ. ಈಗ ಅಭ್ಯಾಸ ಪಾಠಕ್ಕೆ ಶಾಲೆಗೆ ಹೋದರೆ ಎದುರಿಗೆ ತರಗತಿ ತುಂಬ ಮಕ್ಕಳು, ಗದ್ದಲ. ನಿನ್ನೆ ಪಾಠವೇನೋ ಮುಗಿಸಿದೆ. ಆದರೆ ಓದಿದ್ದು ಒಂದೂ ಉಪಯೋಗಕ್ಕೆ ಬರಲಿಲ್ಲ. ಹಾಗಾದರೆ ಓದಿದ್ದು ಯಾಕೆ?"

ಅಡಿವೆಪ್ಪನವರು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಯುವತಿ ಶಿಕ್ಷಕಿಯಾಗಲು ಓದುತ್ತಿದ್ದಳು. ಗಣಿತದಲ್ಲಿ ಜಾಣೆ. ಮಗು ಸುಮ್ಮಸುಮ್ಮನೆ ತಪ್ಪು ಮಾಡುವುದಿಲ್ಲ, ಅದರ ತಪ್ಪಿಗೂ ಅದರದೇ ಒಂದು ಕಾರಣ ಇರುತ್ತದೆ ಎಂದು ಅವಳಿಗೆ ಪ್ರಾಧ್ಯಾಪಕರು ಪಾಠ ಮಾಡಿದ್ದರು. ಅವಳು ಅದನ್ನು ಪರೀಕ್ಷೆಯಲ್ಲಿ ಸೊಗಸಾಗಿ ಬರೆದಳು. ಒಳ್ಳೆಯ ಅಂಕ ಬಂತು. ಅಲ್ಲಿಗೆ ಅದು ಮುಗಿಯಿತು ಎಂದುಕೊಂಡಳು.

ಆಮೇಲೆ ಅವಳನ್ನು ಒಂದು ಶಾಲೆಗೆ ಅಭ್ಯಾಸ ಪಾಠಕ್ಕೆ ಕಳುಹಿಸಿದರು. ಮೂರನೆಯ ತರಗತಿ. ಕಳೆಯುವ ಲೆಕ್ಕ ಕಲಿಸಬೇಕಿತ್ತು. ಮಕ್ಕಳು ಬೇಗ ಕಲಿತರು. ಒಬ್ಬ ಹುಡುಗಿ ಮಾತ್ರ ಕಲಿಯಲಿಲ್ಲ. ಅವಳು ಮಾಡಿದ ಲೆಕ್ಕ ಒಮ್ಮೊಮ್ಮೆ ಸರಿ, ಬಹಳ ಸಲ ತಪ್ಪು. ಯುವತಿ ಸರಿ ಉತ್ತರ ಬರೆದುಕೊಟ್ಟಳು. ಮತ್ತೆ ಮತ್ತೆ ಬರೆಸಿದಳು. ಬೇಸರಪಟ್ಟು ಒಮ್ಮೆ ಗದರಿಸಿದಳು ಕೂಡ. ಮರುದಿನ ಮತ್ತೆ ತಪ್ಪು. ಬರಬರುತ್ತ ಹುಡುಗಿ ತಲೆ ಎತ್ತುವುದನ್ನೇ ಬಿಟ್ಟಳು.

ಆ ತರಗತಿಯ ಶಿಕ್ಷಕರು ಒಳ್ಳೆಯವರು, ಆದರೆ ದಣಿದವರು. ಅವರು ಯುವತಿಗೆ ಹೇಳಿದರು, "ಆ ಹುಡುಗಿ ತಲೆಗೆ ಹತ್ತೋದಿಲ್ಲಮ್ಮ. ನಾಳೆ ನಿನ್ನ ಪಾಠ ನೋಡೋದಕ್ಕೆ ಪರೀಕ್ಷಕರು ಬರ್ತಾರೆ. ಅವಳನ್ನ ಹಿಂದೆ ಕೂರಿಸು. ಪ್ರಶ್ನೆ ಕೇಳಬೇಡ."

ಯುವತಿ ಹಾಗೇ ಮಾಡಿದಳು.

ಪರೀಕ್ಷಕರು ಬಂದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಪಾಠ ನಿರಾತಂಕವಾಗಿ ಸಾಗಿತು. ಯುವತಿ ಬೋರ್ಡಿನ ಮೇಲೆ ಐವತ್ತೆರಡು ಬರೆದಳು, ಅದರ ಕೆಳಗೆ ಹದಿನೇಳು ಬರೆದಳು. "ಯಾರು ಕಳೆಯುತ್ತೀರಿ?" ಎಂದಳು. ಹಲವು ಕೈಗಳು ಮೇಲೆದ್ದವು. ಹಿಂದಿನ ಸಾಲಿನಲ್ಲಿ ಆ ಹುಡುಗಿಯ ಕೈಯೂ ಮೇಲೆದ್ದಿತು. ಅಷ್ಟು ದಿನಗಳಲ್ಲಿ ಅವಳು ಕೈ ಎತ್ತಿದ್ದು ಅದೇ ಮೊದಲು.

ಯುವತಿ ಪರೀಕ್ಷಕರತ್ತ ನೋಡಿದಳು. ಮುಂದಿನ ಬೆಂಚಿನ ಚುರುಕು ಹುಡುಗನನ್ನು ಕರೆದರೆ ಪಾಠ ಉಳಿಯುತ್ತಿತ್ತು. ಆದರೆ ಆ ಎತ್ತಿದ ಕೈಯನ್ನು ಕಂಡೂ ಕಾಣದ ಹಾಗೆ ಇರುವುದು ಅವಳಿಂದ ಆಗಲಿಲ್ಲ. ಹುಡುಗಿಯನ್ನು ಕರೆದಳು.

ಹುಡುಗಿ ಬಂದು ನಲವತ್ತೈದು ಎಂದು ಬರೆದಳು. ತರಗತಿ ನಕ್ಕಿತು.

ಯುವತಿ ಉತ್ತರ ಅಳಿಸಲು ಡಸ್ಟರ್ ಎತ್ತಿಕೊಂಡಳು. ಆಗ, ಪರೀಕ್ಷೆಯಲ್ಲಿ ತಾನೇ ಬರೆದಿದ್ದ ಆ ಮಾತು ಎಲ್ಲಿಂದಲೋ ಎದ್ದು ಬಂತು. ಇಷ್ಟು ದಿನ ತಾನು ಈ ಮಗುವಿಗೆ ಹೇಳಿದ್ದೇ ಹೇಳಿದ್ದು, ಒಮ್ಮೆಯೂ ಕೇಳಿರಲಿಲ್ಲ. ಡಸ್ಟರ್ ಕೆಳಗಿಟ್ಟು ಹುಡುಗಿಯ ಎತ್ತರಕ್ಕೆ ಬಾಗಿದಳು.

"ಹೇಗೆ ಮಾಡಿದೆ, ನನಗೆ ಹೇಳು."

"ನೀವ ಹೇಳಿದ್ರಲ್ರಿ ಟೀಚರ್, ದೊಡ್ಡದರಾಗ ಸಣ್ಣದು ಕಳೀಬೇಕಂತ. ಏಳು ದೊಡ್ಡದು, ಎರಡು ಸಣ್ಣದು. ಕಳದ್ರ ಐದು. ಆ ಕಡೆ ಐದರಾಗ ಒಂದು ಕಳದ್ರ ನಾಲ್ಕು."

ಯುವತಿ ಬೋರ್ಡು ನೋಡಿದಳು. ಹುಡುಗಿ ಹೇಳಿದ್ದು ನಿಜ. ಮೊದಲ ದಿನ ಅವಳೇ ಹಾಗೆ ಹೇಳಿಕೊಟ್ಟಿದ್ದಳು. ಉಳಿದ ಮಕ್ಕಳು ಆ ಮಾತನ್ನು ಮರೆತು ಲೆಕ್ಕ ಕಲಿತಿದ್ದರು. ಈ ಮಗು ಅದನ್ನು ನಂಬಿ ಕೂತಿತ್ತು.

ಯುವತಿ ತರಗತಿಯ ಕಡೆ ತಿರುಗಿ ಹೇಳಿದಳು, "ಇವಳು ನಾನು ಹೇಳಿದ ಹಾಗೇ ಮಾಡಿದ್ದಾಳೆ. ನಾನು ಅರ್ಧ ಹೇಳಿದ್ದೆ. ತಪ್ಪು ನನ್ನದು."

ನಗು ನಿಂತಿತು.

ಯುವತಿ ಸಿದ್ಧಮಾಡಿಕೊಂಡು ಬಂದಿದ್ದ ಪಾಠವನ್ನು ಅಲ್ಲಿಗೇ ಬಿಟ್ಟಳು. ಮೂಲೆಯಲ್ಲಿದ್ದ ಕಸಬರಿಗೆಯಿಂದ ಕಡ್ಡಿಗಳನ್ನು ಎಳೆದು, ಮುರಿದು, ಮಕ್ಕಳಿಂದಲೇ ಹತ್ತು ಹತ್ತರ ಕಟ್ಟು ಕಟ್ಟಿಸಿದಳು. ಐದು ಕಟ್ಟು, ಎರಡು ಬಿಡಿ ಕಡ್ಡಿ. ಹುಡುಗಿಯ ಮುಂದಿಟ್ಟು ಕೈಚಾಚಿದಳು. "ಇದರಲ್ಲಿ ನನಗೆ ಹದಿನೇಳು ಕೊಡು."

ಹುಡುಗಿ ಒಂದು ಕಟ್ಟು ಕೊಟ್ಟಳು. ಎರಡು ಬಿಡಿ ಕಡ್ಡಿ ಕೊಟ್ಟಳು. ಆಮೇಲೆ ಉಳಿದ ಕಟ್ಟುಗಳನ್ನು ನೋಡುತ್ತ ನಿಂತಳು. ಹೇಳಿಕೊಡುವ ಮಾತು ಯುವತಿಯ ನಾಲಿಗೆ ತುದಿಯವರೆಗೆ ಬಂತು. ಅವಳು ತಡೆದುಕೊಂಡಳು. ಇಡೀ ತರಗತಿ ಕಾಯಿತು.

"ಇನ್ನೊಂದು ಕಟ್ಟು ಬಿಚ್ಚಲೇನ್ರಿ?" ಎಂದಳು ಹುಡುಗಿ.

ಅವಳೇ ಬಿಚ್ಚಿದಳು, ಐದು ಕಡ್ಡಿ ಎಣಿಸಿ ಕೊಟ್ಟಳು. ತನ್ನ ಮುಂದೆ ಉಳಿದದ್ದನ್ನು ಎಣಿಸಿದಳು. ಯಾರೂ ಹೇಳದೆಯೇ ಹೋಗಿ ನಲವತ್ತೈದನ್ನು ಅಳಿಸಿ ಮೂವತ್ತೈದು ಬರೆದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಮಕ್ಕಳು ಹೊರಗೆ ಹೋದ ಮೇಲೆ ಪರೀಕ್ಷಕರು ಎದ್ದು ಬಂದರು. "ಪಾಠ ಕಾಲುಭಾಗವೂ ಆಗಲಿಲ್ಲ. ಮೇಲಾಗಿ ನನ್ನ ಎದುರಿಗೇ ತಪ್ಪು ಒಪ್ಪಿಕೊಂಡಿರಿ," ಎಂದರು.

"ಒಪ್ಪಿಕೊಂಡಿದ್ದು ಆ ಹುಡುಗಿಯ ಎದುರಿಗೆ ಸರ್," ಎಂದಳು ಯುವತಿ. "ನೀವೂ ಅಲ್ಲಿದ್ದಿರಿ."

ಪರೀಕ್ಷಕರು ನಿಯಮ ಬಿಡುವವರಲ್ಲ. ಪಾಠ ಮುಗಿಯದ್ದಕ್ಕೆ ಅಂಕ ಕಳೆದೇ ಕಳೆದರು. ಆ ವರ್ಷ ಅವಳಿಗೆ ಮೊದಲ ಸ್ಥಾನ ತಪ್ಪಿತು. ಆದರೆ ಅವಳು ನೌಕರಿಗೆ ಸೇರಿದ ಮೇಲೆ ಆ ಪರೀಕ್ಷಕರು ತಮ್ಮ ಕೈಕೆಳಗಿನ ವಿದ್ಯಾರ್ಥಿಗಳನ್ನೆಲ್ಲ ಅವಳ ಶಾಲೆಗೇ ಕಳುಹಿಸತೊಡಗಿದರು. ಬೋರ್ಡು ನೋಡಬೇಡಿ, ಅವಳು ಮಕ್ಕಳ ಮಾತು ಕೇಳುವಾಗ ಅವಳ ಮುಖ ನೋಡಿ, ಎಂದು ಹೇಳಿ ಕಳುಹಿಸುತ್ತಿದ್ದರು.

ಅಡಿವೆಪ್ಪನವರು ಕತೆ ನಿಲ್ಲಿಸಿದರು.

ನಿಂಗರಾಜನ ಮುಖ ಅರಳಿತ್ತು. "ದೊಡ್ಡವಳು ಸರ್ ಆಕೆ! ಓದಿದ್ದು ಆಕೆಗೆ ಸರಿಯಾದ ಹೊತ್ತಿಗೆ ನೆನಪಾಯಿತು. ನನಗೆ ಮಾತ್ರ ಯಾಕೆ ಆಗುವುದಿಲ್ಲ?"

ಅಡಿವೆಪ್ಪನವರು ಕೇಳಿದರು, "ನಿನ್ನೆ ನಿನ್ನ ತರಗತಿಯಲ್ಲಿ ತಪ್ಪು ಉತ್ತರ ಹೇಳಿದ ಮಗುವಿನ ಹೆಸರೇನು?"

ನಿಂಗರಾಜ ಚೀಲದಿಂದ ತನ್ನ ಪಾಠದ ಟಿಪ್ಪಣಿ ತೆಗೆದು ಹುಡುಕಿದ. ಅದರಲ್ಲಿ ಯಾವ ಮಗುವಿನ ಹೆಸರೂ ಇರಲಿಲ್ಲ.