ಹಸಿ ಎಲೆಯ ಪೊಟ್ಟಣ

"ಕೇಳ್ರಪ್ಪೋ ಕೇಳಿ! ದಂಡಿಗೆ ಹೋಗುವ ಹುರಿಹಿಟ್ಟಿನ ಪೊಟ್ಟಣ ಒಂದಕ್ಕೆ ನಿಜವಾಗಿ ಏನು ಖರ್ಚು ಬೀಳುತ್ತದೆಂದು ಬಲ್ಲವರು ಅರಮನೆಗೆ ಬರಬಹುದು. ರಾಜಕುಮಾರಿ ಪದುಮಲದೇವಿಯವರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರಿಗೆ ಅಮಾವಾಸ್ಯೆಯ ದಿನ ಬೊಮ್ಮಣ್ಣನ ಪಕ್ಕದಲ್ಲೇ ನೇಣು!"

ಹೊಳಲಗಿರಿಯ ಬೀದಿಯಲ್ಲಿ ಈ ಡಂಗುರ ಕೇಳಿ ಮಾಳಿಂಗನ ಜೀವ ಹಿಡಿಯಷ್ಟಾಯಿತು. ಬೊಮ್ಮಣ್ಣ ಅವನ ಅಪ್ಪ. ಅರಮನೆಯ ಹಿಟ್ಟಿನ ಕೊಟ್ಟಿಗೆಯಲ್ಲಿ ಅಪ್ಪ ಕಡಲೆ ಹುರಿಯುವವನು, ಮಗ ಮುತ್ತುಗದ ಎಲೆಯಲ್ಲಿ ಪೊಟ್ಟಣ ಕಟ್ಟುವವನು. ಹೋದ ತಿಂಗಳು ಗಡಿಗೆ ಹೋದ ಪೊಟ್ಟಣಗಳಿಗೆ ಬೂಷ್ಟು ಹಿಡಿದಿತ್ತು. ಬೇರೆ ಗತಿಯಿಲ್ಲದೆ ಅದನ್ನೇ ತಿಂದು ಹದಿನೇಳು ಮಂದಿ ಸತ್ತರು. ಅವರಲ್ಲೊಬ್ಬ ರಾಜಕುಮಾರಿಯ ತಮ್ಮ. "ಸರಿಯಾಗಿ ಹುರಿಯದೆ ಬಿಟ್ಟವನು ನಾನೇ" ಎಂದು ಬೊಮ್ಮಣ್ಣ ತಾನಾಗಿ ಹೋಗಿ ಒಪ್ಪಿಕೊಂಡಿದ್ದ. ಅದು ಸುಳ್ಳೆಂದು ಮಾಳಿಂಗನಿಗೆ ಗೊತ್ತಿತ್ತು. ಹೆದರಿ ಬಾಯಿ ಮುಚ್ಚಿಕೊಂಡಿದ್ದ.

ಅವನು ಸಭೆ ಮುಟ್ಟುವ ಹೊತ್ತಿಗೆ ಅರಮನೆಯ ಶಾನುಭೋಗರು ನಿಂತಿದ್ದರು. ಬಿಳಿ ಸೀರೆಯುಟ್ಟ ಪದುಮಲೆ ಕೇಳಿದಳು: "ನೂರು ಸೇರು ಕಡಲೆ ಬಾಣಲೆಗೆ ಬಿತ್ತು. ತೂಗಿದರೆ ತೊಂಬತ್ತು ಸೇರೇ ಹೊರಗೆ ಬಂತು. ಕದ್ದವರಿಲ್ಲ, ಚೆಲ್ಲಿದವರಿಲ್ಲ. ಹತ್ತು ಸೇರು ತಿಂದವರು ಯಾರು?"

"ಇಲಿ, ಅಮ್ಮಣ್ಣಿ" ಎಂದರು ಶಾನುಭೋಗರು. ಪುಸ್ತಕದಲ್ಲಿ ಸಿಗದ್ದಕ್ಕೆಲ್ಲ ಅವರಿಗೆ ಇಲಿಯೇ ಗತಿ. ಭಟರು ಅವರನ್ನು ಎಳೆದುಕೊಂಡು ಹೋದರು.

ಆಮೇಲೆ ಬಂದವನು ಪೊಟ್ಟಣದ ಗುತ್ತಿಗೆದಾರ ಹಂಪಯ್ಯ. "ಬೆಂಕಿ!" ಎಂದು ಮೊದಲನೆಯದನ್ನು ಬಿಡಿಸಿ ಮೀಸೆ ತಿರುವಿದ.

"ಸರಿ. ದುಡ್ಡು ಕೊಟ್ಟು ತರುತ್ತಾರೆ, ತಿನ್ನುವವನು ಅದನ್ನೇ ಮೊದಲು ಬಿಸಾಡುತ್ತಾನೆ. ಅದು ಕೆಟ್ಟರೆ ಎಲ್ಲವೂ ಕೆಟ್ಟಿತು. ಏನದು?"

"ಕಡಲೆ ಸಿಪ್ಪೆ."

ಎಲೆಯನ್ನು ಎಂದೂ ಲೆಕ್ಕಕ್ಕೇ ಹಿಡಿಯದವನಿಗೆ ಎಲೆ ಹೊಳೆಯುವುದಾದರೂ ಹೇಗೆ? ಅವನೂ ಹೋದ.

ಮಾಳಿಂಗ ಮುಂದೆ ಬಂದ. "ಒಂದನೇದು ಬೆಂಕಿ, ಅಮ್ಮಣ್ಣಿ. ಅದು ತಿಂದ ಹತ್ತು ಸೇರಿನ ಬೆಲೇನೂ ಉಳಿದ ತೊಂಬತ್ತೇ ಹೊರ್ಬೇಕು. ಎರಡನೇದು ಕಟ್ಟೋ ಎಲೆ."

ಪದುಮಲೆಯ ದನಿ ಸಣ್ಣಗಾಯಿತು. "ಒಬ್ಬ ಒಂದು ಪೊಟ್ಟಣದಲ್ಲಿ ಒಂದು ಕಾಸು ಉಳಿಸಿದ. ಖರ್ಚು ಮಾತ್ರ ಉಳಿಯಲಿಲ್ಲ. ಅದನ್ನು ಕೊಟ್ಟವರು ಯಾರು?"

ಮಾಳಿಂಗನ ಕಣ್ಣು ತುಂಬಿತು.

"ಬಿಚ್ಚಿ ತಿಂದೋರು ಕೊಟ್ರು. ನಿಮ್ಮ ತಮ್ಮ ಕೊಟ್ರು. ಕಡಲೆ, ಸೌದೆ, ಎಲೆ, ಕೂಲಿ ಎಲ್ಲ ಸೇರಿ ಪೊಟ್ಟಣಕ್ಕೆ ಏಳು ಕಾಸು ಬೀಳುತ್ತೆ. ಎಲೆ ಎರಡು ದಿನ ಬಿಸಿಲಲ್ಲಿ ಒಣಗ್ಬೇಕು. ಆ ಕೂಲಿ ದಂಡ, ಹಸಿ ಎಲೇಲೇ ಕಟ್ಟು ಅಂದ ಹಂಪಯ್ಯ. ಆರು ಕಾಸಾಯ್ತು. ಹಸಿ ಎಲೆ ಒಳಗೊಳಗೇ ಬೆವರುತ್ತೆ ಅಂತ ನಂಗೊತ್ತಿತ್ತು. ಗೊತ್ತಿದ್ದೂ ಕಟ್ಟಿದೆ. ನನ್ನ ಉಳಿಸೋಕೆ ಅಪ್ಪ ತಪ್ಪು ಹೊತ್ಕೊಂಡ. ಅವನನ್ನ ಬಿಡಿ. ಆ ಹಗ್ಗ ನನಗಿರಲಿ."

ಪದುಮಲೆ ಸೆರಗಿನಲ್ಲಿ ಮುಖ ಮುಚ್ಚಿ ಬಹಳ ಹೊತ್ತು ಅತ್ತಳು.

"ಮೂವತ್ತು ವರ್ಷ ಹುರಿದ ಕೈ ತಪ್ಪಿತು ಅಂದಾಗಲೇ ನಾನು ನಂಬಲಿಲ್ಲ. ನಿನ್ನಪ್ಪನನ್ನು ಕರೆದುಕೊಂಡು ಹೋಗು. ಶಾನುಭೋಗರೂ ಮನೆಗೆ ಹೋಗಲಿ. ಹಗ್ಗ ಹಂಪಯ್ಯನಿಗೆ. ನೀನು ಅದನ್ನು ಕೇಳಬೇಡ, ಅದು ನಿನಗೆ ಸುಲಭ. ಹಿಟ್ಟಿನ ಕೊಟ್ಟಿಗೆ ಇವತ್ತಿನಿಂದ ನಿನ್ನದು. ನೂರು ಪೊಟ್ಟಣಕ್ಕೆ ಒಂದನ್ನು ಹದಿನೈದು ದಿನ ಇಟ್ಟು, ನೀನೇ ಬಿಚ್ಚಿ ತಿನ್ನಬೇಕು. ಆಮೇಲೆ ಉಳಿದದ್ದು ಹೊರಡಲಿ."

"ಆ ಒಂದರ ಖರ್ಚು ತೊಂಬತ್ತೊಂಬತ್ತರ ಮೇಲೆ ಬೀಳುತ್ತೆ, ಅಮ್ಮಣ್ಣಿ."

"ಬೀಳಲಿ. ನನ್ನ ತಮ್ಮನಿಗಿಂತ ಅಗ್ಗ."

ಹದಿನೈದು ದಿನ ಕಳೆಯಿತು. ಕೊಟ್ಟಿಗೆಯ ಬಾಗಿಲಲ್ಲಿ ಎತ್ತಿನ ಗಾಡಿಗಳು ನಿಂತಿದ್ದವು. ಮಾಳಿಂಗ ನಾರು ಬಿಚ್ಚಿದ. ಎಲೆ ಗರಿಗರಿಯಾಗಿತ್ತು, ಹಿಟ್ಟು ಆಗಷ್ಟೇ ಬೀಸಿದಂತೆ ಘಮ್ಮೆನ್ನುತ್ತಿತ್ತು. ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಗಂಟಲಲ್ಲಿ ಇಳಿಯಲೇ ಇಲ್ಲ. ಆ ಹದಿನೇಳು ಮಂದಿಯೂ ಹೀಗೇ ಬಿಚ್ಚಿದ್ದರಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತ.

ಬೊಮ್ಮಣ್ಣ ಚೊಂಬಿನಲ್ಲಿ ನೀರು ತಂದು ಪಕ್ಕದಲ್ಲಿ ಕೂತ. ಸೆರೆಯಲ್ಲಿ ಅವನ ಕೈ ಬಡಕಲಾಗಿತ್ತು.

"ನುಂಗು, ಮಗಾ" ಎಂದ. "ಗಡೀಲಿ ಹಸ್ಕೊಂಡು ಕಾಯ್ತಾ ಇದ್ದಾರೆ."